ಕರೆಂಟ್ ಇದ್ದಾಗ ಮಾತ್ರ ಓಡುವ ಮನೆ ಕಂಪ್ಯೂಟರಿಗೆ ಮೇಲ್ ಇಳಿಸಿಕೊಳ್ಳುವುದು ಹೇಗೆ?

ಅಡಿಕೆಮರ (ಸೋಮವಾರ, ರಾತ್ರಿ 9:40)

ನಮಸ್ಕಾರ ಎಲ್ಲರಿಗೂ. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಮನೆಯಲ್ಲಿ ಡೆಬಿಯನ್ ಲಿನಕ್ಸ್ ಹಾಕಿರುವ ಹಳೇ ಡೆಸ್ಕ್‌ಟಾಪ್ ಇದೆ. ಬೆಳಿಗ್ಗೆ ಸ್ವಲ್ಪ ಹೊತ್ತು, ರಾತ್ರಿ ಊಟ ಆದಮೇಲೆ ಸ್ವಲ್ಪ ಹೊತ್ತು ಆನ್ ಇರುತ್ತದೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಅದನ್ನು ಮುಟ್ಟುವ ಹಾಗೇ ಇಲ್ಲ.

ಮೇಲ್ ಖಾತೆ ಮೂರು. ಒಂದು ಜಿಮೇಲ್, ಒಂದು ಔಟ್‌ಲುಕ್, ಇನ್ನೊಂದು ನಮ್ಮ ಸೊಸೈಟಿ ಕೆಲಸಕ್ಕೆ ತೆಗೆದುಕೊಂಡ ಸ್ವಂತ ಡೊಮೇನಿನದು. ಫೋನಿನಲ್ಲೂ ಇವನ್ನೇ ನೋಡುತ್ತೇನೆ.

ನನಗೆ ಬೇಕಾದ್ದು ಇಷ್ಟು. ಕಂಪ್ಯೂಟರ್ ಆನ್ ಆದರೆ ಮೂರೂ ಕಡೆಯ ಮೇಲ್ ತಾನಾಗಿ ಇಳಿಯಬೇಕು. ನೆಟ್ ಇಲ್ಲದಾಗಲೂ ಓದಲು, ಹುಡುಕಲು ಸಿಗಬೇಕು. ಇಳಿಯುತ್ತಿರುವಾಗಲೇ ಕರೆಂಟ್ ಹೋದರೆ ಏನೂ ಕಳೆದುಹೋಗಬಾರದು. ಯಾರಾದರೂ ಹೀಗೆ ಮಾಡಿಕೊಂಡಿದ್ದೀರಾ?

ಪೆಂಗ್ವಿನ್_ಪಾಂಡು

ಸರ್ವರಿನಿಂದ ಮೇಲ್ ತರುವ ಫೆಚ್‌ಮೇಲ್ ಹಾಕಿ, ಹೊತ್ತು ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಐದು ನಿಮಿಷಕ್ಕೊಂದು ಸಲ ಓಡಿಸಿ. ಮುಗೀತು. ಇದಕ್ಕೆಲ್ಲ ಇಷ್ಟು ಉದ್ದ ಪ್ರಶ್ನೆ ಬೇಕಾ ಮಾರಾಯ್ರೇ?

ಹಳೇಟರ್ಮಿನಲ್

ಪಾಂಡು, ಮುಗಿಯುತ್ತದೆ ನಿಜ. ಅವರ ಮೇಲ್ ಮುಗಿಯುತ್ತದೆ.

ಫೆಚ್‌ಮೇಲ್ ಒಳ್ಳೆಯ ಸಾಧನವೇ. ಎರಿಕ್ ರೇಮಂಡ್ 1996ರಲ್ಲಿ ಪಾಪ್‌ಕ್ಲೈಂಟ್ ಎನ್ನುವ ಇನ್ನೊಂದು ಪ್ರೋಗ್ರಾಮನ್ನು ವಹಿಸಿಕೊಂಡು ಬೆಳೆಸಿದ್ದು ಅದು. ಆದರೆ ಅದು ಡಯಲ್-ಅಪ್ ಕಾಲದ ಕೂಸು. ಆಗ ಮೇಲ್ ಮನೆಗೆ ಬಂದಮೇಲೆ ಸರ್ವರಿನಲ್ಲಿ ಇರಬಾರದು ಅಂತಲೇ ಎಲ್ಲರ ಲೆಕ್ಕ. ಜಾಗ ಕಡಿಮೆ, ನೋಡುವ ಯಂತ್ರ ಒಂದೇ. ಹಾಗಾಗಿ ಏನೂ ಹೇಳದೆ ಓಡಿಸಿದರೆ ಅದು ಇಳಿಸಿದ ಮೇಲನ್ನು ಸರ್ವರಿನಿಂದ ಅಳಿಸಿಬಿಡುತ್ತದೆ. "ಕೀಪ್" ಅಂತ ನಾವೇ ಬರೆಯಬೇಕು.

ಕೀಪ್ ಹಾಕಿದರೂ ಇವರಿಗೆ ಇನ್ನೊಂದು ಪೇಚು ಇದೆ. ಮೇಲನ್ನು ಸರ್ವರಿನಲ್ಲೇ ಇಟ್ಟು ಎಲ್ಲ ಯಂತ್ರದಿಂದ ನೋಡುವ ಐಮ್ಯಾಪ್ ವಿಧಾನದಲ್ಲಿ ಫೆಚ್‌ಮೇಲ್ ಓದದೇ ಉಳಿದ ಮೇಲನ್ನು ಮಾತ್ರ ತರುತ್ತದೆ. ಅಡಿಕೆಮರ ಅವರು ತೋಟದಲ್ಲಿ ನಿಂತು ಫೋನಿನಲ್ಲಿ ಒಂದು ಮೇಲ್ ತೆರೆದರು ಅನ್ನಿ. ಸರ್ವರಿನಲ್ಲಿ ಅದಕ್ಕೆ "ಓದಿದ್ದು" ಅಂತ ಗುರುತು ಬಿತ್ತು. ರಾತ್ರಿ ಮನೆಯ ಯಂತ್ರ ಅದನ್ನು ಮುಟ್ಟುವುದೇ ಇಲ್ಲ. ವರ್ಷದ ಕೊನೆಗೆ ನೋಡಿದರೆ ಮನೆಯ ಪ್ರತಿಯಲ್ಲಿ ಇರುವುದೆಲ್ಲ ನೀವು ತೆರೆಯದೆ ಬಿಟ್ಟ ಜಾಹೀರಾತುಗಳೇ! ಮುಖ್ಯವಾದದ್ದೆಲ್ಲ ನೀವು ಫೋನಿನಲ್ಲೇ ಓದಿಬಿಟ್ಟಿರುತ್ತೀರಿ, ಅಲ್ವಾ?

ಗೆಟ್‌ಮೇಲ್ ಎನ್ನುವ ಇನ್ನೊಂದು ಪ್ರೋಗ್ರಾಮ್ ಈ ವಿಷಯದಲ್ಲಿ ವಾಸಿ. ಯಾವ್ಯಾವ ಮೇಲ್ ತಂದಾಗಿದೆ ಅನ್ನುವ ಪಟ್ಟಿಯನ್ನು ಅದು ತಾನೇ ಇಟ್ಟುಕೊಳ್ಳುತ್ತದೆ. ನೀವು ಎಲ್ಲಿ ಓದಿದಿರಿ ಅನ್ನುವುದು ಅದಕ್ಕೆ ಬೇಕಾಗಿಲ್ಲ. ಈಗ ಹಾಕುವುದಾದರೆ ಗೆಟ್‌ಮೇಲ್6 ಹಾಕಿ, ಅದು ಪೈಥಾನ್ 3ಕ್ಕೆ ಹೊಂದಿಸಿದ್ದು.

ಪೆಂಗ್ವಿನ್_ಪಾಂಡು

ಕೀಪ್ ವಿಷಯ ಗೊತ್ತಿತ್ತು ಗುರುಗಳೇ, ಓದಿದ್ದರ ವಿಷಯ ಗೊತ್ತಿರಲಿಲ್ಲ. ನಾನು ಫೋನಿನಲ್ಲಿ ಮೇಲ್ ನೋಡುವುದೇ ಇಲ್ಲ, ಅದಕ್ಕೇ ಗಮನಕ್ಕೆ ಬಂದಿಲ್ಲ ಅನ್ಸುತ್ತೆ.

ಸ್ವಂತ_ಸರ್ವರ್

ಎಲ್ಲರೂ ಯಾಕೆ ಎಳೆದುಕೊಳ್ಳುವ ಮಾತೇ ಆಡುತ್ತಿದ್ದೀರಿ? ಸ್ವಂತ ಡೊಮೇನ್ ಇದೆಯಲ್ಲ. ಮನೆಯಲ್ಲೇ ಪೋಸ್ಟ್‌ಫಿಕ್ಸ್ ಎನ್ನುವ ಮೇಲ್ ಸರ್ವರ್ ಕೂರಿಸಿ. ಡೊಮೇನಿನ ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ದಾಖಲೆ ಮನೆಯ ಐಪಿ ವಿಳಾಸಕ್ಕೆ ತೋರಿಸಿ. ಕಂಪ್ಯೂಟರ್ ಆಫ್ ಇದ್ದರೆ ಕಳಿಸಿದವರ ಸರ್ವರ್ ಕಾಯುತ್ತದೆ. ಮೇಲ್ ಕಳಿಸುವ ಎಸ್‌ಎಂಟಿಪಿ ನಿಯಮದಲ್ಲೇ ಇದೆ, ಕೈಬಿಡುವ ಮೊದಲು ಸಾಮಾನ್ಯವಾಗಿ ನಾಲ್ಕೈದು ದಿನವಾದರೂ ಪ್ರಯತ್ನಿಸಬೇಕು ಅಂತ. ಪೋಸ್ಟ್‌ಫಿಕ್ಸ್‌ನಲ್ಲಿ ಏನೂ ಬದಲಿಸದಿದ್ದರೆ ಕಾಯುವ ಮೇಲ್‌ಗಳ ಸರದಿಯ ಆಯಸ್ಸು 5 ದಿನ. ನಿಮ್ಮ ಕರೆಂಟ್ ಅಷ್ಟರೊಳಗೆ ಬರುತ್ತದೆ.

ಪುತ್ತೂರು_ಬರ್ಲಿನ್

ಸ್ವಂತ_ಸರ್ವರ್ ಅವರೇ, ನಿಯಮ ಸರಿಯಾಗಿಯೇ ಹೇಳಿದ್ದೀರಿ. ಆದರೆ ಅದು ಆರ್‌ಎಫ್‌ಸಿ 5321 ಎನ್ನುವ ನಿಯಮದ ಕಡತದಲ್ಲಿ ಇರುವ ಮಾತು. ಒಟಿಪಿ ಕಳಿಸುವವರು, ಸುದ್ದಿಪತ್ರ ಕಳಿಸುವವರು ಎಲ್ಲರೂ ಅದನ್ನು ಪಾಲಿಸುತ್ತಾರೆ ಅಂತ ನಂಬಿ ಕೂರೋಕೆ ಆಗಲ್ಲ. ಇನ್ನೊಂದು, ಕಳಿಸುವ ಸರ್ವರ್ ಪ್ರತಿ ಸಲ ಸೋತಾಗ ಮುಂದಿನ ಪ್ರಯತ್ನವನ್ನು ದೂರ ದೂರ ತಳ್ಳುತ್ತಾ ಹೋಗುತ್ತದೆ. ನಿಮ್ಮ ಯಂತ್ರ ರಾತ್ರಿ ಒಂದು ಗಂಟೆ ಆನ್ ಇರುತ್ತದೆ ಅನ್ನಿ. ಅವರ ಪ್ರಯತ್ನ ಸರಿಯಾಗಿ ಆ ಗಂಟೆಯೊಳಗೇ ಬೀಳಬೇಕಲ್ಲ? ಐದೂ ದಿನ ಯಂತ್ರ ಆನ್ ಆಗಿದ್ದೂ ಮೇಲ್ ತಪ್ಪಿಹೋಗಬಹುದು.

ಇದಕ್ಕೆಂದೇ ಹಿಂದೆ ಇಟಿಆರ್‌ಎನ್ ಅಂತ ಒಂದು ಆಜ್ಞೆ ಮಾಡಿದ್ದರು, 1996ರಲ್ಲಿ. ಮನೆಯ ಯಂತ್ರ ಎದ್ದಕೂಡಲೇ ನಡುವಿನ ಸರ್ವರಿಗೆ "ನಾನು ಬಂದಿದ್ದೇನೆ, ನನ್ನ ಸರದಿಯನ್ನು ಬಿಡು" ಅನ್ನುತ್ತದೆ. ಆಗ ಆ ಸರ್ವರ್ ಹೊಸದಾಗಿ ಸಂಪರ್ಕ ಮಾಡಿ ಮೇಲ್ ತಳ್ಳುತ್ತದೆ. ಐಪಿ ಬದಲಾಗುತ್ತಲೇ ಇದ್ದರೆ ಇದು ಕೆಲಸಕ್ಕೆ ಬಾರದು. ಆಮೇಲೆ 1999ರಲ್ಲಿ ಎಟಿಆರ್‌ಎನ್ ಬಂತು, ಪೋರ್ಟ್ (ಸಂಪರ್ಕದ ಬಾಗಿಲಿನ ಸಂಖ್ಯೆ) 366. ಮನೆಯವನು ಮಾಡಿದ ಸಂಪರ್ಕದಲ್ಲೇ ಪಾತ್ರ ಅದಲುಬದಲಾಗಿ ಮೇಲ್ ಹರಿದು ಬರುತ್ತದೆ. ಬಹಳ ಚಂದದ ಉಪಾಯ. ಆದರೆ ಇವತ್ತು ಸಾಮಾನ್ಯ ಮೇಲ್ ಸೇವೆಗಳಲ್ಲಿ ಅದನ್ನು ಹುಡುಕುತ್ತಾ ಕೂತರೆ ಹೊತ್ತು ಹೋಗುತ್ತದೆ ಅಷ್ಟೇ.

ಇನ್ನು ಮನೆಯ ಐಪಿ. ಈಗಿನ ಮನೆ ಸಂಪರ್ಕಗಳಲ್ಲಿ ಬಹಳಷ್ಟು ಸಿಜಿನ್ಯಾಟ್ ಹಿಂದೆ ಇರುತ್ತವೆ. ಒಂದೇ ಐಪಿಯನ್ನು ಎಷ್ಟೋ ಮನೆಗಳು ಹಂಚಿಕೊಂಡಿರುತ್ತವೆ. ಹೊರಗಿನಿಂದ ಯಾರೂ ಒಳಗೆ ಬರಲಾರರು. ಮೇಲ್ ಸರ್ವರುಗಳು ಮಾತಾಡುವ ಪೋರ್ಟ್ 25 ತೆರೆದಿರುತ್ತದೆ ಅನ್ನುವ ಭರವಸೆಯೂ ಇಲ್ಲ. ಹಾಗಾಗಿ ಒಳಗಿನಿಂದ ಹೊರಗೆ ಹೋಗಿ ಎಳೆದು ತರುವುದೊಂದೇ ದಾರಿ.

ನನ್ನ ಅಪ್ಪನ ಕಂಪ್ಯೂಟರ್ ಪುತ್ತೂರಿನಲ್ಲಿದೆ. ನಾನು ಇಲ್ಲಿಂದ ನೋಡಿಕೊಳ್ಳುತ್ತೇನೆ. ಡೊಮೇನಿನ ಮೇಲ್ ಪೆಟ್ಟಿಗೆ ದುಡ್ಡು ಕೊಟ್ಟ ಸೇವೆಯಲ್ಲಿ ಇಟ್ಟು, ಅಲ್ಲಿಂದ ಎಳೆಯುತ್ತೇವೆ. ಸದಾ ಎಚ್ಚರ ಇರುವ ಕೆಲಸವನ್ನು ಸದಾ ಎಚ್ಚರ ಇರುವ ಯಂತ್ರಕ್ಕೇ ಬಿಡಿ.

ಸ್ವಂತ_ಸರ್ವರ್

ಸರದಿ ಮತ್ತು ಆನ್ ಇರುವ ಹೊತ್ತು ಹೊಂದಬೇಕು ಅನ್ನುವ ಮಾತು ಒಪ್ಪಿದೆ. ನನ್ನ ಯಂತ್ರ ಬೆಂಗಳೂರಿನಲ್ಲಿ ದಿನವಿಡೀ ಓಡುತ್ತದೆ, ಸ್ಥಿರ ಐಪಿಗೆ ಬೇರೆ ದುಡ್ಡು ಕೊಡುತ್ತೇನೆ. ಸಾಗರದ ಹಳ್ಳಿಗೆ ಅದು ಹೊಂದಲ್ಲ.

ಸುಮ್ನೆ_ಕೇಳ್ದೆ

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು ವಿಂಡೋಸ್, ಮೇಲ್ ನೋಡಲು ಥಂಡರ್‌ಬರ್ಡ್ ಇದೆ. ಈ ಫೆಚ್, ಗೆಟ್ ಎಲ್ಲ ನನಗೂ ಬೇಕಾ?

ಹಳೇಟರ್ಮಿನಲ್

ಬೇಡ. ಖಾತೆಯನ್ನು ಐಮ್ಯಾಪ್ ಆಗಿ ಸೇರಿಸಿ. ಸೆಟ್ಟಿಂಗ್ಸ್‌ನಲ್ಲಿ ಈ ಖಾತೆಯ ಮೇಲನ್ನು ಈ ಕಂಪ್ಯೂಟರಿನಲ್ಲೂ ಇಟ್ಟುಕೋ ಅನ್ನುವ ಟಿಕ್ ಇದೆಯಾ ನೋಡಿ. ಮೇಲನ್ನು ಇಳಿಸಿಕೊಳ್ಳುವ ಹಳೇ ವಿಧಾನವಾದ ಪಾಪ್ ಆಗಿ ಸೇರಿಸಿದ್ದರೆ "ಸರ್ವರಿನಲ್ಲಿ ಬಿಡು" ಅನ್ನುವ ಟಿಕ್ ಇರಲಿ, ಅದರ ಕೆಳಗೆ "ಇಷ್ಟು ದಿನ ಮಾತ್ರ" ಅನ್ನುವುದನ್ನು ತೆಗೆಯಿರಿ. ಆಗಾಗ ಪ್ರೊಫೈಲ್ ಫೋಲ್ಡರನ್ನೇ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಥಂಡರ್‌ಬರ್ಡ್ ಮುಚ್ಚಿದ ಮೇಲೆ.

ಅಡಿಕೆಮರ (ಮಂಗಳವಾರ, ಬೆಳಿಗ್ಗೆ 6:55)

ರಾತ್ರಿ ಕರೆಂಟ್ ಹೋಯಿತು, ಈಗ ಓದಿದೆ. ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಸರ್ವರ್ ಇಡುವ ಯೋಚನೆ ನನಗೂ ಇಲ್ಲ.

ಈಗ ನನ್ನ ಮುಖ್ಯ ಹೆದರಿಕೆ ಕೇಳಿ. ಮೇಲ್ ಅರ್ಧ ಇಳಿದಿದೆ, ಆಗ ಕರೆಂಟ್ ಹೋಯಿತು. ಆ ಮೇಲ್ ಗತಿ ಏನು? ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅಂತ ಆಗಬಹುದಾ? ಇನ್ನೊಂದು, ಸಿಂಕ್ ಅಂದರೆ ಅಲ್ಲಿ ಅಳಿಸಿದ್ದು ಇಲ್ಲೂ ಅಳಿಯುತ್ತದೆ ಅಂತಾರಲ್ಲ?

ಹಳೇಟರ್ಮಿನಲ್

ಎರಡೂ ಸರಿಯಾದ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಪಾಪ್3. ಇದರ ನಡವಳಿಕೆ ಕರೆಂಟ್ ಹೋಗುವ ಊರಿಗೆ ಹೇಳಿ ಮಾಡಿಸಿದ ಹಾಗಿದೆ. ಇಳಿಸುವ ಪ್ರೋಗ್ರಾಮ್ ಒಂದು ಮೇಲ್ ತಂದು "ಡಿಲೀ" ಅಂದರೆ ಸರ್ವರ್ ತಕ್ಷಣ ಅಳಿಸುವುದಿಲ್ಲ, ಸುಮ್ನೆ ಗುರುತು ಹಾಕಿಕೊಳ್ಳುತ್ತದೆ. ಕೊನೆಗೆ "ಕ್ವಿಟ್" ಅಂತ ಸರಿಯಾಗಿ ಹೇಳಿ ಹೊರಟರೆ ಮಾತ್ರ ಗುರುತು ಹಾಕಿದ್ದೆಲ್ಲ ನಿಜವಾಗಿ ಹೋಗುತ್ತದೆ. ನಡುವೆ ಸಂಪರ್ಕ ಕಡಿದರೆ ಗುರುತುಗಳೆಲ್ಲ ರದ್ದು. ಹಾಗಾಗಿ ಅಲ್ಲಿ ಮೇಲ್ ಹಾಗೇ ಇರುತ್ತದೆ. ಆಗುವ ತೊಂದರೆ ಬೇರೆಯದು: ಮುಂದಿನ ಸಲ ಅದೇ ಮೇಲ್ ಎರಡನೇ ಬಾರಿ ಇಳಿಯಬಹುದು. ಅದನ್ನು ತಪ್ಪಿಸಲು ಯುಐಡಿಎಲ್ ಇದೆ. ಪ್ರತಿ ಮೇಲಿಗೂ ಸರ್ವರ್ ಒಂದು ಬದಲಾಗದ ಗುರುತು ಕೊಡುತ್ತದೆ, ಪ್ರೋಗ್ರಾಮ್ ಅದನ್ನು ಬರೆದಿಟ್ಟುಕೊಳ್ಳುತ್ತದೆ.

ಇನ್ನು ನಿಮ್ಮ ಡಿಸ್ಕಿನ ಕಡೆ. ಇಲ್ಲಿ ಮೇಲ್ ಕೂಡಿಡಲು ಮೇಲ್‌ಡಿರ್ ಎನ್ನುವ ರೀತಿ ಬಳಸಿ, ಎಂಬಾಕ್ಸ್ ಬೇಡ. ಎಂಬಾಕ್ಸ್‌ನಲ್ಲಿ ಸಾವಿರಾರು ಮೇಲ್ ಒಂದೇ ಫೈಲಿನಲ್ಲಿ ಒಂದರ ಬಾಲಕ್ಕೆ ಒಂದು ಸೇರಿರುತ್ತವೆ. ಬರೆಯುವಾಗ ಕರೆಂಟ್ ಹೋದರೆ ಕೊನೆಯಲ್ಲಿ ಅರ್ಧ ಮೇಲ್ ನೇತಾಡುತ್ತದೆ, ಕೆಲವೊಮ್ಮೆ ಮುಂದಿನದು ಅದಕ್ಕೇ ಅಂಟಿಕೊಳ್ಳುತ್ತದೆ. ಮೇಲ್‌ಡಿರ್ ಕ್ಯೂಮೇಲ್ ಎನ್ನುವ ಮೇಲ್ ಸರ್ವರ್ ಬರೆದ ಡೇನಿಯಲ್ ಬರ್ನ್‌ಸ್ಟೀನ್ ಅವರದ್ದು. ಒಂದು ಮೇಲಿಗೆ ಒಂದು ಫೈಲ್. ಟೆಂಪ್, ನ್ಯೂ, ಕರ್ ಅಂತ ಮೂರು ಫೋಲ್ಡರ್. ಬರುವ ಮೇಲನ್ನು ಮೊದಲು ಟೆಂಪ್ ಒಳಗೆ ಪೂರ್ತಿ ಬರೆದು, ಡಿಸ್ಕಿಗೆ ಇಳಿಯಿತು ಅಂತ ಖಾತ್ರಿ ಆದಮೇಲೆ ನ್ಯೂ ಒಳಗೆ ಸರಿಸುತ್ತಾರೆ. ಸರಿಸುವುದು ಒಂದೇ ಏಟಿನ ಕೆಲಸ, ಅರ್ಧ ಆಗುವುದಿಲ್ಲ. ಕರೆಂಟ್ ಯಾವ ಕ್ಷಣದಲ್ಲಿ ಹೋದರೂ ನ್ಯೂ ಒಳಗೆ ಇರುವುದು ಪೂರ್ತಿ ಮೇಲೇ. ಅರ್ಧ ಬರೆದದ್ದು ಟೆಂಪ್‌ನಲ್ಲಿ ಕಸವಾಗಿ ಬಿದ್ದಿರುತ್ತದೆ, ಆಮೇಲೆ ಗುಡಿಸಿದರಾಯಿತು.

ಒಂದು ಎಚ್ಚರಿಕೆ: ಮೇಲ್‌ಡಿರ್ ಫೈಲಿನ ಹೆಸರಿನಲ್ಲಿ ಕೋಲನ್ ಚಿಹ್ನೆ ಬರುತ್ತದೆ. ವಿಂಡೋಸ್ ಜೊತೆ ಹಂಚಿಕೊಳ್ಳುವ ಡಿಸ್ಕಿನಲ್ಲಿ ಇಡಲು ಹೋಗಬೇಡಿ, ಗೋಳಾಟ.

ಈಗ ಸಿಂಕ್. ನಿಮಗೆ ನಾನು ಹೇಳುವುದು ಎಂಬಿಸಿಂಕ್, ಪ್ಯಾಕೇಜಿನ ಹೆಸರು ಐಸಿಂಕ್. ಐಮ್ಯಾಪ್ ಪೆಟ್ಟಿಗೆಯನ್ನು ಮೇಲ್‌ಡಿರ್‌ಗೆ ಹೊಂದಿಸುತ್ತದೆ. ನಡುವೆ ನಿಂತರೆ ಎಲ್ಲಿಗೆ ಬಂದಿತ್ತು ಅಂತ ತನ್ನ ಜರ್ನಲ್‌ನಲ್ಲಿ ಬರೆದಿಟ್ಟಿರುತ್ತದೆ, ಮತ್ತೆ ಅಲ್ಲಿಂದಲೇ ಶುರು. ನಿಮ್ಮ ಹೆದರಿಕೆ ನಿಜವಾಗುವುದು ಅದರ ಸೆಟ್ಟಿಂಗ್ ತಪ್ಪಾದರೆ. ನೆಟ್ಟಿನಲ್ಲಿ ಸಿಗುವ ಮಾದರಿ ಫೈಲುಗಳಲ್ಲಿ "ಎಕ್ಸ್‌ಪಂಜ್ ಬೋತ್" ಅಂತ ಬರೆದಿರುತ್ತಾರೆ. ಅಂದರೆ ಯಾವ ಕಡೆ ಅಳಿಸಿದರೂ ಇನ್ನೊಂದು ಕಡೆಯೂ ಅಳಿಸು. ನನಗೆ ಗೊತ್ತಿರುವ ಒಂದು ಕಚೇರಿಯಲ್ಲಿ ಹೀಗೇ ಇತ್ತು. ಯಾರೋ ಪಾಸ್‌ವರ್ಡ್ ಕದ್ದು ಖಾತೆಯೊಳಗೆ ಹೋಗಿ ಇನ್‌ಬಾಕ್ಸ್ ಖಾಲಿ ಮಾಡಿದರು. ಬೆಳಿಗ್ಗೆ ಇಲ್ಲಿನ ಕಂಪ್ಯೂಟರ್ ಆನ್ ಆಯಿತು, ಬಹಳ ನಿಷ್ಠೆಯಿಂದ ಇಲ್ಲಿನ ಪ್ರತಿಯನ್ನೂ ಖಾಲಿ ಮಾಡಿತು.

ನೀವು ಎಕ್ಸ್‌ಪಂಜ್ ಅನ್ನು "ನನ್" ಅಂತಲೇ ಬಿಡಿ. ಸಿಂಕ್ ಸಾಲಿನಲ್ಲಿ "ಪುಲ್‌ನ್ಯೂ" ಮತ್ತು "ಪುಲ್‌ಫ್ಲ್ಯಾಗ್ಸ್" ಮಾತ್ರ ಇರಲಿ. ಹೊಸ ಮೇಲ್ ಬರುತ್ತದೆ, ಓದಿದ ಗುರುತು ಬರುತ್ತದೆ, ಇಲ್ಲಿಂದ ಅಲ್ಲಿಗೆ ಏನೂ ಹೋಗುವುದಿಲ್ಲ. ಮನೆಯಲ್ಲಿ ಓದಿದ ಮೇಲ್ ಫೋನಿನಲ್ಲಿ ಓದದ ಹಾಗೆ ಕಾಣುತ್ತದೆ, ಅದೊಂದು ಕಿರಿಕಿರಿ. ನಾನಾದರೆ ಸಹಿಸಿಕೊಳ್ಳುತ್ತೇನೆ.

ಪುತ್ತೂರು_ಬರ್ಲಿನ್

ಹಳೇಟರ್ಮಿನಲ್ ಅವರ ಮಾತಿಗೆ ನನ್ನ ಓಟು. ಜಿಮೇಲ್ ಮತ್ತು ಔಟ್‌ಲುಕ್ ಬಗ್ಗೆ ನಾನು ಸೇರಿಸುತ್ತೇನೆ, ಮೊದಲ ದಿನ ತಲೆ ತಿನ್ನುವುದು ಇವೆರಡೇ.

ಜಿಮೇಲ್‌ಗೆ ನಿಮ್ಮ ಮಾಮೂಲಿ ಪಾಸ್‌ವರ್ಡ್ ಕೊಟ್ಟರೆ ಒಳಗೆ ಬಿಡುವುದಿಲ್ಲ. ಎರಡು ಹಂತದ ಪರಿಶೀಲನೆ ಆನ್ ಮಾಡಿ, ಆಮೇಲೆ ಆ್ಯಪ್ ಪಾಸ್‌ವರ್ಡ್ ಮಾಡಿಕೊಳ್ಳಿ. 16 ಅಕ್ಷರ ಇರುತ್ತದೆ. ಅದನ್ನು ಸೆಟ್ಟಿಂಗ್ ಫೈಲಿನಲ್ಲಿ ನೇರ ಬರೆಯಬೇಡಿ. ಗೂಢಲಿಪಿ ಮಾಡುವ ಜಿಪಿಜಿಯಲ್ಲಿ ಮುಚ್ಚಿಟ್ಟು ಎಂಬಿಸಿಂಕ್‌ನ ಪಾಸ್‌ಕಮಾಂಡ್ ಸೆಟ್ಟಿಂಗ್ ಮೂಲಕ ಓದಿಸಿ.

ಜಿಮೇಲ್‌ನ ಲೇಬಲ್‌ಗಳು ಐಮ್ಯಾಪ್‌ನಲ್ಲಿ ಫೋಲ್ಡರ್ ವೇಷ ಹಾಕಿಕೊಂಡು ಬರುತ್ತವೆ. ಒಂದೇ ಮೇಲಿಗೆ ಮೂರು ಲೇಬಲ್ ಇದ್ದರೆ ಮೂರು ಫೋಲ್ಡರಿನಲ್ಲೂ ಕಾಣುತ್ತದೆ, ಜೊತೆಗೆ "ಆಲ್ ಮೇಲ್" ಒಳಗೂ. ಎಲ್ಲ ಎಳೆದರೆ ಡಿಸ್ಕ್ ಸುಮ್ನೆ ತುಂಬುತ್ತದೆ. ಬರೀ ಆಲ್ ಮೇಲ್ ಎಳೆಯಿರಿ. ಸ್ಪ್ಯಾಮ್, ಟ್ರ್ಯಾಶ್ ಅದರಲ್ಲಿ ಬರುವುದಿಲ್ಲ, ಬೇಕಾಗಿಯೂ ಇಲ್ಲ.

ಮೊದಲ ಸಲದ ಇಳಿಕೆಗೆ ಅವಸರ ಬೇಡ. ಕಚೇರಿಗಳ ವರ್ಕ್‌ಸ್ಪೇಸ್ ಖಾತೆಗಳಿಗೆ ಗೂಗಲ್ ಹೇಳಿರುವ ಐಮ್ಯಾಪ್ ಮಿತಿ ದಿನಕ್ಕೆ 2500 ಎಂಬಿ, ಪಾಪ್‌ಗೆ ಅದರ ಅರ್ಧ. ಉಚಿತ ಖಾತೆಯ 15 ಜಿಬಿ ಪೂರ್ತಿ ಮೇಲೇ ತುಂಬಿದ್ದರೆ ಆ ಲೆಕ್ಕದಲ್ಲಿ ಆರು ದಿನವಾದರೂ ಹಿಡಿಯುತ್ತದೆ. ದಿನವೂ ಒಂದಿಷ್ಟು ಇಳಿಯಲಿ ಬಿಡಿ, ನಡುವೆ ನಿಂತರೂ ಮುಂದುವರಿಯುತ್ತದೆ.

ಜಿಮೇಲ್‌ನಲ್ಲಿ ಪಾಪ್ ಬಳಸುವವರಿಗೆ ಒಂದು ಮಾತು. ಅಲ್ಲಿ ನಿಮ್ಮ ಪ್ರೋಗ್ರಾಮ್ "ಅಳಿಸು" ಅಂದರೂ ಕೊನೆಗೆ ನಡೆಯುವುದು ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ನೀವು ಆರಿಸಿದ್ದು. ಇಟ್ಟುಕೋ, ಆರ್ಕೈವ್ ಮಾಡು, ಅಳಿಸು, ಯಾವುದಿದೆ ಅಂತ ಒಮ್ಮೆ ನೋಡಿಕೊಳ್ಳಿ.

ಔಟ್‌ಲುಕ್ ಇನ್ನೂ ಬಿಗಿ. ವೈಯಕ್ತಿಕ ಖಾತೆಗಳಿಗೂ 16 ಸೆಪ್ಟೆಂಬರ್ 2024ರಿಂದ ಬರೀ ಪಾಸ್‌ವರ್ಡಿನ ಲಾಗಿನ್ ಇಲ್ಲ, ಬ್ರೌಸರಿನಲ್ಲಿ ಲಾಗಿನ್ ಆಗಿ ಅನುಮತಿ ಕೊಡುವ ಓಆಥ್ ಬೇಕು. ಎಂಬಿಸಿಂಕ್‌ಗೆ ಅದು ಒಂಟಿಯಾಗಿ ಬರುವುದಿಲ್ಲ, ಲಾಗಿನ್ ನೋಡಿಕೊಳ್ಳುವ ಎಸ್‌ಎಎಸ್‌ಎಲ್ ಪ್ಲಗಿನ್ ಒಂದನ್ನು ಬೇರೆ ಹಾಕಬೇಕು. ಸುಲಭದ ದಾರಿ ಅಂದರೆ ಇಮೇಲ್ ಓಆಥ್2 ಪ್ರಾಕ್ಸಿ ಎನ್ನುವ ಪ್ರೋಗ್ರಾಮ್. ನಿಮ್ಮ ಯಂತ್ರದಲ್ಲೇ ಕೂತಿರುತ್ತದೆ. ಒಮ್ಮೆ ಬ್ರೌಸರಿನಲ್ಲಿ ಲಾಗಿನ್ ಆದರೆ ಆಮೇಲಿನ ಟೋಕನ್ (ತಾತ್ಕಾಲಿಕ ಅನುಮತಿ ಚೀಟಿ) ವ್ಯವಹಾರ ಅದೇ ನೋಡಿಕೊಳ್ಳುತ್ತದೆ. ಎಂಬಿಸಿಂಕ್ ಅದರ ಜೊತೆ ಹಳೇ ರೀತಿಯಲ್ಲೇ ಮಾತಾಡುತ್ತದೆ.

ಪೆಂಗ್ವಿನ್_ಪಾಂಡು

ಯಾವಾಗ ಓಡಿಸೋದು ಅಂತ ಯಾರೂ ಹೇಳಲಿಲ್ಲ. ಅನಾಕ್ರಾನ್ ಹಾಕಬಹುದಲ್ಲ? ಆಗಾಗ ಆಫ್ ಆಗುವ ಯಂತ್ರಕ್ಕೇ ಇರೋದು ಅದು.

ಮಳೆಕಾಡು

ಅನಾಕ್ರಾನ್ ಲೆಕ್ಕ ಹಾಕುವುದು ದಿನದಲ್ಲಿ. ದಿನಕ್ಕೊಮ್ಮೆಗಿಂತ ಜಾಸ್ತಿ ಓಡಿಸಲು ಅದಕ್ಕೆ ಬರುವುದಿಲ್ಲ. ಬ್ಯಾಕಪ್‌ಗೆ ಸರಿ, ಮೇಲಿಗೆ ಆಗಲ್ಲ.

ಡೆಬಿಯನ್‌ನಲ್ಲೇ ಇರುವ ಸಿಸ್ಟಮ್‌ಡಿ ಟೈಮರ್ ಹಾಕಿ. ಬೂಟ್ ಆಗಿ ಎರಡು ನಿಮಿಷಕ್ಕೆ ಒಮ್ಮೆ, ಆಮೇಲೆ ಹತ್ತು ನಿಮಿಷಕ್ಕೊಂದು ಸಲ. "ಪರ್ಸಿಸ್ಟೆಂಟ್" ಹಾಕಿ ಅಂತ ಕೆಲವರು ಬರೆಯುತ್ತಾರೆ, ಅದು ಗಡಿಯಾರದ ಹೊತ್ತು ಕೊಟ್ಟ ಟೈಮರಿಗೆ ಮಾತ್ರ ಲಾಗೂ, ಇಲ್ಲಿ ಬೇಕಿಲ್ಲ. ಹಿಂದಿನ ಓಟ ಮುಗಿಯದೆ ಎರಡನೆಯದು ಶುರುವಾಗುವುದೂ ಇಲ್ಲ. ಕ್ರಾನ್‌ನಲ್ಲಿ ಆ ಕಾವಲು ನೀವೇ ಹಾಕಬೇಕು. ಬಳಕೆದಾರರ ಟೈಮರ್ ಆದರೆ ಲಾಗಿನ್ ಆಗುವ ತನಕ ಓಡುವುದಿಲ್ಲ. ಲಾಗಿನ್ ಆಗದೆಯೂ ಓಡಬೇಕು ಅಂದರೆ "ಲಿಂಗರ್" ಆನ್ ಮಾಡಿ.

ನಮ್ಮ ಕಡೆ ಇನ್ನೊಂದು ಕಥೆ. ಕಂಪ್ಯೂಟರ್ ಬೂಟ್ ಆಗಿರುತ್ತದೆ, ರೌಟರ್ ಇನ್ನೂ ಮಿಣಿಮಿಣಿ ಅನ್ನುತ್ತಿರುತ್ತದೆ. ಮೊದಲ ಓಟ ಸೋಲುತ್ತದೆ. ಅದಕ್ಕೆ ನೆಟ್ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರಿನ ಡಿಸ್ಪ್ಯಾಚರ್ ಫೋಲ್ಡರಿನಲ್ಲಿ ಒಂದು ಪುಟ್ಟ ಸ್ಕ್ರಿಪ್ಟ್ ಇಟ್ಟಿದ್ದೇನೆ. ಸಂಪರ್ಕ "ಅಪ್" ಆಯಿತು ಅಂದಕೂಡಲೇ ಅದು ಮೇಲ್ ಸರ್ವೀಸನ್ನು ಎಬ್ಬಿಸುತ್ತದೆ.

ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್) ಕರೆಂಟ್ ಬಂದಾಗ ತಾನೇ ಆನ್ ಆಗುವ ಆಯ್ಕೆ ಇರುತ್ತದೆ. ಯುಪಿಎಸ್ ಇಲ್ಲದೆ ಅದನ್ನು ಹಾಕಬೇಡಿ. ಮಳೆ ದಿನ ಕರೆಂಟ್ ಹತ್ತು ನಿಮಿಷದಲ್ಲಿ ನಾಲ್ಕು ಸಲ ಬಂದು ಹೋಗುತ್ತದೆ, ಪಾಪ ಡಿಸ್ಕ್ ಎಷ್ಟು ಸಲ ಎದ್ದು ಬೀಳಬೇಕು?

ಸುಮ್ನೆ_ಕೇಳ್ದೆ

ರಾಸ್ಪ್‌ಬೆರಿ ಪೈ ಎನ್ನುವ ಪುಟ್ಟ ಕಂಪ್ಯೂಟರ್ ಇಟ್ಟರೆ ಆಗಲ್ವಾ? ಕೆಲವೇ ವ್ಯಾಟ್, ಇನ್ವರ್ಟರಿನಲ್ಲಿ ದಿನವಿಡೀ ಓಡುತ್ತೆ.

ಮಳೆಕಾಡು

ಆಗುತ್ತದೆ. ಮೇಲನ್ನು ಎಸ್‌ಡಿ ಕಾರ್ಡಿನಲ್ಲಿ ಇಡಬೇಡಿ, ಪದೇ ಪದೇ ಕರೆಂಟ್ ಕಡಿದರೆ ಕಾರ್ಡ್ ಕೆಡುತ್ತದೆ. ಎಸ್‌ಎಸ್‌ಡಿ ಹಾಕಿ. ಆದರೆ ನಮ್ಮಲ್ಲಿ ಗುಡುಗು ಶುರುವಾದರೆ ಮನೆಯವರು ಮೊದಲು ಮಾಡುವ ಕೆಲಸ ಎಲ್ಲ ಪ್ಲಗ್ ಕೀಳುವುದು. ತಾಮ್ರದ ಫೋನ್ ಲೈನ್ ಇದ್ದಾಗ ಎಷ್ಟು ಮೋಡೆಮ್ ಸುಟ್ಟಿವೆ ಅಂತ ಊರಿಗೇ ಗೊತ್ತು. ಈಗ ಫೈಬರ್, ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ. ಕರೆಂಟಿನ ವಯರಿನಲ್ಲಿ ಬರುತ್ತದಲ್ಲ! ಸದಾ ಆನ್ ಅನ್ನುವುದು ಇಲ್ಲಿ ಪೈಗೂ ಇಲ್ಲ.

ಹಳೇಟರ್ಮಿನಲ್

ವಿಷಯದಿಂದ ಸ್ವಲ್ಪ ಆಚೆ. ಈ ದೇಶದಲ್ಲಿ ಮೇಲ್ ಶುರುವಾದದ್ದೇ ಹೀಗೆ. ಶಿಕ್ಷಣ, ಸಂಶೋಧನೆಯ ಜಾಲವಾದ ಅರ್ನೆಟ್ 1986ರಲ್ಲಿ ಶುರುವಾದಾಗ ಮುಂಬಯಿಯ ಎನ್‌ಸಿಎಸ್‌ಟಿ ಸಂಶೋಧನಾ ಸಂಸ್ಥೆ, ಐದು ಐಐಟಿ, ನಮ್ಮ ಬೆಂಗಳೂರಿನ ಐಐಎಸ್‌ಸಿ ಎಲ್ಲ ಅದರಲ್ಲಿದ್ದವು. ಆರಂಭದ ಮೇಲ್ ಓಡಾಡಿದ್ದು ಯುಯುಸಿಪಿಯಲ್ಲಿ: ಒಂದು ಯಂತ್ರ ಇನ್ನೊಂದಕ್ಕೆ ಫೋನ್ ಮಾಡಿ, ಕೂಡಿಟ್ಟ ಮೇಲ್ ಕೊಟ್ಟು, ಅಲ್ಲಿಯದು ತೆಗೆದುಕೊಂಡು, ಫೋನ್ ಇಡುವುದು. ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 15 ಆಗಸ್ಟ್ 1995ರಲ್ಲಿ, ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ. ಸದಾ ಸಂಪರ್ಕದಲ್ಲಿ ಇರುವುದೇ ಸಹಜ ಅಂತ ನಮಗೆ ಅನ್ನಿಸಲು ಶುರುವಾಗಿ ಬಹಳ ಕಾಲ ಆಗಿಲ್ಲ.

ಅಡಿಕೆಮರ (ಭಾನುವಾರ, ಮಧ್ಯಾಹ್ನ 3:10)

ಮಾಡಿದೆ. ಡೊಮೇನಿನ ಮೇಲ್ ಮತ್ತು ಜಿಮೇಲ್ ಎಂಬಿಸಿಂಕ್‌ನಲ್ಲಿ ಇಳಿಯುತ್ತಿವೆ. ಆಲ್ ಮೇಲ್ ಮಾತ್ರ, ಎಕ್ಸ್‌ಪಂಜ್ ನನ್. ಔಟ್‌ಲುಕ್ ಪ್ರಾಕ್ಸಿ ಮೂಲಕ ಬಂತು. ಪರೀಕ್ಷೆಗೆಂದು ನಡುವೆ ಪ್ಲಗ್ ಕಿತ್ತೆ. ಮತ್ತೆ ಆನ್ ಮಾಡಿದಾಗ ಬಿಟ್ಟಲ್ಲಿಂದ ಶುರುವಾಯಿತು, ಒಂದೂ ಎರಡೆರಡಾಗಿಲ್ಲ. ಹುಡುಕಲು ನಾಟ್‌ಮಚ್ ಹಾಕಿದ್ದೇನೆ, ಚಕ್ ಅಂತ ಸಿಗುತ್ತದೆ.

ಒಂದು ವಿಚಿತ್ರ. ಹಳೇ ಮೇಲ್‌ಗಳಲ್ಲಿ ಕನ್ನಡ ಪದ ಹುಡುಕಿದರೆ ಕೆಲವು ಸಿಗುವುದೇ ಇಲ್ಲ. ತೆರೆದು ನೋಡಿದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ.

ಪುತ್ತೂರು_ಬರ್ಲಿನ್

ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದ ಮೇಲ್ ಅವು, ಯೂನಿಕೋಡ್ ಅಲ್ಲ. ಫೈಲಿನಲ್ಲಿ ಇರುವುದೇ ಇಂಗ್ಲಿಷ್ ಅಕ್ಷರ, ಫಾಂಟ್ ಇದ್ದರೆ ಮಾತ್ರ ಕನ್ನಡ ಕಾಣುತ್ತದೆ. ಹೀಗೆ ಇಂಗ್ಲಿಷ್ ಅಕ್ಷರದಲ್ಲಿ ಇರುವ ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಮೂಲ ಮೇಲನ್ನು ಮುಟ್ಟಬೇಡಿ. ಬದಲಿಸಿದ ಪಠ್ಯವನ್ನು ಬೇರೆ ಫೋಲ್ಡರಿನಲ್ಲಿ ಇಟ್ಟು ಅದನ್ನೂ ಸೂಚಿಗೆ ಸೇರಿಸಿ.

ಅಡಿಕೆಮರ

ಸರಿ, ಹಾಗೇ ಮಾಡುತ್ತೇನೆ. ಕೊನೆಯದೊಂದು: ನೆಟ್ ಇಲ್ಲದಾಗ ಬರೆದ ಉತ್ತರ, ನೆಟ್ ಬಂದಾಗ ತಾನಾಗಿ ಹೋಗಬೇಕಲ್ಲ?

ಹಳೇಟರ್ಮಿನಲ್

ಮೇಲ್ ಕಳಿಸುವ ಎಂಎಸ್‌ಎಂಟಿಪಿ ಹಾಕಿ. ಅದರ ಜೊತೆಗೇ ಸರದಿಯಲ್ಲಿ ಇಡುವ ಒಂದು ಸ್ಕ್ರಿಪ್ಟ್ ಬರುತ್ತದೆ. ಮಳೆಕಾಡು ಹೇಳಿದ ಡಿಸ್ಪ್ಯಾಚರ್ ಸ್ಕ್ರಿಪ್ಟಿನಲ್ಲೇ ಸರದಿ ಖಾಲಿ ಮಾಡುವ ಸಾಲನ್ನೂ ಸೇರಿಸಿ. ಮೇಲ್‌ನ ಹೆಡರಿನಲ್ಲಿ ದಿನಾಂಕ ನೀವು ಬರೆದ ಹೊತ್ತಿನದೇ ಇರುತ್ತದೆ, ಸೋಮವಾರ ಬರೆದದ್ದು ಗುರುವಾರ ಹೋದರೂ ಸೋಮವಾರ ಅಂತಲೇ. ಆದರೆ ದಾರಿಯ ಸರ್ವರುಗಳು ತಮ್ಮ ಹೊತ್ತನ್ನು ಬೇರೆ ಬರೆದಿರುತ್ತವೆ. ಸೊಸೈಟಿಯ ಟೆಂಡರ್ ಗಡುವಿಗೆಲ್ಲ ಇದನ್ನು ನಂಬಬೇಡಿ, ಅವತ್ತು ಫೋನಿನಿಂದಲೇ ಕಳಿಸಿ.